‘ಕಳೆದುಹೋದ’ ಕೋಟೆ ಮತ್ತು ಹಂಗಳದ ಹುಲಿಕಲ್ಲು

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಎಲ್ಲಿದ್ರೂ ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ. ಇವತ್ತಿನ ಎಪಿಸೋಡ್ ಒಂದು ರೀಲ್‌ನಿಂದ ಶುರುವಾಗುತ್ತೆ.

ಹೋದ ತಿಂಗಳು ಕಾಲೇಜಿನ ಗೆಳೆಯನೊಬ್ಬ ಒಂದು ರೀಲ್ ಕಳಿಸಿದ. ಮೊದಲ ಹತ್ತು ಸೆಕೆಂಡ್ ಗ್ವಾಟೆಮಾಲಾ ದೇಶದ ಟಿಕಾಲ್. ದಟ್ಟ ಕಾಡಿನ ತಲೆ ಮೇಲೆ ಕಲ್ಲಿನ ಪಿರಮಿಡ್‌ಗಳು ಎದ್ದು ನಿಂತಿವೆ, ಹಿಂದೆ ಭಯಂಕರ ಮ್ಯೂಸಿಕ್. ಆಮೇಲೆ ಕಟ್ ಆಗಿ ಮಂಜು ಮುಸುಕಿದ ಒಂದು ಬೆಟ್ಟ, ಒಂದು ಗೋಪುರ, ಹುಲ್ಲಿನ ಇಳಿಜಾರಲ್ಲಿ ಆನೆ. ಮೇಲೆ ದಪ್ಪ ಅಕ್ಷರದಲ್ಲಿ: ‘ಕರ್ನಾಟಕದ ಮಾಯನ್ ಸಿಟಿ! ಕಾಡಲ್ಲಿ ಕಳೆದುಹೋದ ಕೋಟೆ!’

ನೋಡಿದ ತಕ್ಷಣ ನನಗೆ ನಗು ಬಂತು. ಯಾಕಂದ್ರೆ ಅದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅದರ ಬುಡಕ್ಕೆ ಹೋಗೋಕೆ ಊಟಿ ರಸ್ತೆಯಿಂದ ಬಲಕ್ಕೆ ತಿರುಗಬೇಕು ಅಲ್ವಾ, ಆ ತಿರುವಿನ ಊರು ಹಂಗಳ. ಗುಂಡ್ಲುಪೇಟೆಯಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ಮಳೆಗಾಲದಲ್ಲಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವು ಅರಳಿರುತ್ತೆ, ಕಾರು ನಿಲ್ಲಿಸಿ ಎಲ್ಲರೂ ಫೋಟೊ ತೆಗೀತಾರೆ. ನೀವೂ ತೆಗೆದಿರಬಹುದು. ಆ ಊರು ನನ್ನ ಅಮ್ಮನ ತವರು.

ರೀಲನ್ನ ಅಜ್ಜಿಗೆ ತೋರಿಸಿದೆ. ಮೊಬೈಲ್ ದೂರ ಹಿಡಿದು ನೋಡಿದ್ರು. ‘ಕಳೆದುಹೋದ ಕೋಟೆ ಅಂತೆ ಅಜ್ಜಿ’ ಅಂದೆ. ‘ಕಳ್ದೋಗಿತ್ತು ಅಂತ ಯಾರಂದ್ರು ಮಗ? ಶ್ರಾವಣದ ಶನಿವಾರ ನಾವೆಲ್ಲ ನಡ್ಕೊಂಡೇ ಹತ್ತಿದ್ವಲ್ಲ’ ಅಂದ್ರು. ಅಷ್ಟೇ. ಮೊಬೈಲ್ ವಾಪಸ್ ಕೊಟ್ಟು ಅವರೆಕಾಯಿ ಸುಲಿಯೋಕೆ ಕೂತ್ರು.

ಆ ಒಂದು ಮಾತು ನನ್ನ ತಲೆಯಲ್ಲಿ ಉಳೀತು. ಮರುದಿನವೇ ಬೆಟ್ಟಕ್ಕೆ ಹೊರಟೆ.

ಈಗ ಖಾಸಗಿ ವಾಹನ ಮೇಲೆ ಹೋಗೋ ಹಾಗಿಲ್ಲ. ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಅದು ಒಳ್ಳೆಯದೇ, ಯಾಕಂದ್ರೆ ಇಡೀ ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರ, ಬಂಡೀಪುರದಲ್ಲೇ ಅತಿ ಎತ್ತರದ ಜಾಗ. ಬಸ್ ಸುತ್ತಿ ಸುತ್ತಿ ಹತ್ತುತ್ತಿದ್ದ ಹಾಗೆ ಕೆಳಗಿನ ಒಣಕಾಡು ಮುಗಿದು ಹುಲ್ಲುಗಾವಲು ಬರುತ್ತೆ. ಜೂನ್ ಇರಲಿ, ಜನವರಿ ಇರಲಿ, ಮೇಲೆ ಮಂಜು. ಅದಕ್ಕೇ ಹೆಸರಲ್ಲಿ ‘ಹಿಮವದ್’.

ಮೇಲೆ ಇಳಿದವರೆಲ್ಲ ಸೀದಾ ದೇವಸ್ಥಾನಕ್ಕೆ ಹೋಗ್ತಾರೆ. ಕೊಳಲೂದುವ ಗೋಪಾಲನ ದರ್ಶನ, ನಾಲ್ಕು ಸೆಲ್ಫಿ, ಮತ್ತೆ ಬಸ್. ತಪ್ಪೇನಿಲ್ಲ, ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೀನಿ. ಈ ಸಲ ಮಾತ್ರ ಸ್ವಲ್ಪ ನಿಂತು ನೋಡಿದೆ. ಈ ಜಾಗಕ್ಕೆ ಇನ್ನೊಂದು ಹೆಸರಿದೆ: ಬೆಟ್ಟದಕೋಟೆ. ಅಂದ್ರೆ ಇದು ಬರೀ ದೇವಸ್ಥಾನ ಅಲ್ಲ, ಒಂದು ಕಾಲದ ಗಿರಿದುರ್ಗ.

ಸುತ್ತಮುತ್ತಲಿನವರು ಇದರ ಕಥೆಯನ್ನ ಹೀಗೆ ಹೇಳ್ತಾರೆ. ಒಂಬತ್ತು ಜನ ಅಣ್ಣತಮ್ಮಂದಿರು, ನವ ದಣ್ಣಾಯಕರು, ಇಲ್ಲಿ ಕೋಟೆ ಕಟ್ಟಿ ಆಳ್ತಿದ್ರು. ಶತ್ರುಗಳು ಮುತ್ತಿಗೆ ಹಾಕಿದಾಗ ಅವರಲ್ಲೊಬ್ಬ ಬೆಟ್ಟದ ಮೇಲಿಂದ ಹಾರಿ ಪ್ರಾಣ ಬಿಟ್ಟ. ಇನ್ನೊಂದು ಕಥೆ ಕೊಳಗಳದ್ದು. ಬೆಟ್ಟದ ಮೇಲೆ 77 ಕೊಳ ಅಂತಾರೆ. ಅದರಲ್ಲಿ ಹಂಸತೀರ್ಥ ಅನ್ನೋದರಲ್ಲಿ ಕಾಗೆ ಮುಳುಗಿ ಹಂಸ ಆಯ್ತಂತೆ, ಅದಕ್ಕೇ ಈ ಬೆಟ್ಟದಲ್ಲಿ ಕಾಗೆ ಇಲ್ಲವಂತೆ. ಕಥೆ ಚೆನ್ನಾಗಿದೆ. ಆದ್ರೆ ಸ್ವಲ್ಪ ಲೆಕ್ಕದ ತಲೆಯಲ್ಲಿ ಯೋಚನೆ ಮಾಡಿ. ಬೆಟ್ಟದ ತುದಿಯಲ್ಲಿ ಕೋಟೆ ಕಟ್ಟಿ ಕೂರೋರಿಗೆ ಮೊದಲು ಬೇಕಾಗಿದ್ದು ಕತ್ತಿ ಅಲ್ಲ, ನೀರು. ಮುತ್ತಿಗೆ ಬಿದ್ದಾಗ ಕೆಳಗಿಂದ ಬಿಂದಿಗೆ ಹೊತ್ತು ತರೋಕಾಗಲ್ಲ. ಅಲ್ಲಿನ ಕೊಳಗಳು ತೀರ್ಥವೂ ಹೌದು, ಕೋಟೆಯ ಉಸಿರೂ ಹೌದು.

ಈಗ ಕಥೆಯಿಂದ ಶಾಸನಕ್ಕೆ ಬರೋಣ. ಈ ದೇವರನ್ನ ಪ್ರತಿಷ್ಠಾಪಿಸಿದ್ದು 1315ರಲ್ಲಿ. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ‘ಬಲ್ಲಾಳ ಕಟ್ಟಿಸಿದ’ ಅಂತ ಒಂದು ಸಾಲು ಸಿಗುತ್ತೆ. ಹೊಯ್ಸಳ ಮೂರನೇ ವೀರ ಬಲ್ಲಾಳ ಆಗ ರಾಜ, ಅದು ನಿಜ. ಆದ್ರೆ ಈ ಸೀಮೆಯಲ್ಲಿ ಅಧಿಕಾರ ನಡೆಸ್ತಿದ್ದ, ದೇವರನ್ನ ನಿಲ್ಲಿಸಿದ ಮನುಷ್ಯ ಅವನ ಕೈಕೆಳಗಿನ ಮಾಧವ ದಣ್ಣಾಯಕ, ಪೆರುಮಾಳೆ ದಣ್ಣಾಯಕನ ಮಗ. ದಣ್ಣಾಯಕ ಅಂದ್ರೆ ದಂಡನಾಯಕ, ಸೇನಾಪತಿ. ಶಾಸನದಲ್ಲಿ ಈ ಬೆಟ್ಟದ ಹೆಸರು ಗೋವರ್ಧನಗಿರಿ. ಅಜ್ಜಿ ಕಥೆಯ ಒಂಬತ್ತು ಜನ ದಣ್ಣಾಯಕರು ಪೂರ್ತಿ ಕಲ್ಪನೆ ಅಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಒಂಬತ್ತು ಜನ ಇದ್ರೋ ಇಲ್ವೋ, ದಣ್ಣಾಯಕರ ಮನೆತನ ಖಂಡಿತ ಇತ್ತು. ಅವರು ಕೂತಿದ್ದ ಊರು ತೆರಕಣಾಂಬಿ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವಾಗ ಬಸ್ ಎರಡು ನಿಮಿಷ ನಿಲ್ಲುತ್ತಲ್ಲ, ಅದೇ ತೆರಕಣಾಂಬಿ. ಈಗ ಸಂತೆ ಊರು. ಆಗ ಈ ಗಡಿಸೀಮೆಯ ರಾಜಧಾನಿ.

1315 ಅನ್ನೋ ಇಸವಿಯನ್ನ ಸ್ವಲ್ಪ ಗಮನಿಸಿ. ಅದಕ್ಕೆ ನಾಲ್ಕೇ ವರ್ಷ ಹಿಂದೆ, 1311ರಲ್ಲಿ, ದೆಹಲಿಯ ಮಲಿಕ್ ಕಾಫರ್ ಸೈನ್ಯ ಹೊಯ್ಸಳರ ರಾಜಧಾನಿ ದ್ವಾರಸಮುದ್ರಕ್ಕೆ, ಅಂದ್ರೆ ಇವತ್ತಿನ ಹಳೇಬೀಡಿಗೆ ಬಂದಿತ್ತು. ಬಲ್ಲಾಳ ಶರಣಾಗಿ, ಸಂಪತ್ತು ಕೊಟ್ಟು ರಾಜ್ಯ ಉಳಿಸಿಕೊಂಡ. ಆಮೇಲೆ ಅವನ ಗಮನ ದಕ್ಷಿಣದ ಕಡೆ ಹೆಚ್ಚು ಹೆಚ್ಚು ಸರೀತಾ ಹೋಯ್ತು. ಕೊನೆಗಾಲದಲ್ಲಿ ಅವನು ತಿರುವಣ್ಣಾಮಲೈನಿಂದಲೂ ಆಳಿದ. 1340ರ ದಶಕದ ಶುರುವಿನಲ್ಲಿ ಮದುರೆ ಸುಲ್ತಾನರ ಜೊತೆಗಿನ ಯುದ್ಧದಲ್ಲೇ ಸತ್ತ. ಹಾಗಾಗಿ ಮೈಸೂರು ಸೀಮೆಯಿಂದ ಕೊಂಗುನಾಡಿಗೆ, ಅಂದ್ರೆ ಸತ್ಯಮಂಗಲ, ಕೊಯಮತ್ತೂರು ಕಡೆಗೆ ಇಳಿಯೋ ಕಣಿವೆ ದಾರಿಗಳು ಆ ರಾಜ್ಯಕ್ಕೆ ಪ್ರಾಣ ಇದ್ದ ಹಾಗೆ. ಸೈನ್ಯ ಹೋಗೋದೂ ಅಲ್ಲೇ, ಎತ್ತಿನ ಮೇಲೆ ಸರಕು ಹೋಗೋದೂ ಅಲ್ಲೇ, ಸುಂಕ ಬೀಳೋದೂ ಅಲ್ಲೇ. ನಾನು ಬಿ.ಕಾಂ. ಓದಿದವನು, ನನ್ನ ಕಣ್ಣು ಮೊದಲು ಸುಂಕದ ಕಟ್ಟೆ ಮೇಲೆ ಹೋಗುತ್ತೆ, ಕ್ಷಮಿಸಿ. ದಣ್ಣಾಯಕರು ಈ ಕಾಡಂಚಿನಲ್ಲಿ ಕೂತಿದ್ದು ತಪಸ್ಸು ಮಾಡೋಕಲ್ಲ. ದಾರಿ ಕಾಯೋಕೆ.

ಈ ದಾರಿ ಅವರಿಗಿಂತ ಹಳೆಯದು ಕೂಡ. ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ 1117ರ ಒಂದು ಶಾಸನ ಇದೆ. ವಿಷ್ಣುವರ್ಧನನ ಜೈನ ಸೇನಾಪತಿ ಪುಣಿಸಮಯ್ಯ ತೋಡರನ್ನ ಹೆದರಿಸಿದ, ಕೊಂಗರನ್ನ ಬಗ್ಗಿಸಿದ, ನೀಲಾದ್ರಿ ಹಿಡಿದ ಅಂತ ಅದು ಹೇಳುತ್ತೆ. ನೀಲಾದ್ರಿ ಅಂದ್ರೆ ನೀಲಗಿರಿ. ಊಟಿಯ ತೋಡರ ಹೆಸರು ಬರವಣಿಗೆಯಲ್ಲಿ ಸಿಗೋ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಇದು ಒಂದು. ನಾವು ವೀಕೆಂಡ್ ಟ್ರಿಪ್ ಹೋಗೋ ದಿಕ್ಕಿಗೇ 900 ವರ್ಷದ ಹಿಂದೆ ದಂಡು ಹೋಗಿತ್ತು.

ಈಗ ಆ ರೀಲ್‌ನ ಮೊದಲ ಹತ್ತು ಸೆಕೆಂಡ್‌ಗೆ ಹೋಗೋಣ, ಟಿಕಾಲ್‌ಗೆ. ಮಾಯಾ ಜನರ ದೊಡ್ಡ ನಗರ ಅದು. ಹತ್ತನೇ ಶತಮಾನದ ಹೊತ್ತಿಗೆ ಖಾಲಿಯಾಯ್ತು. ಒಂದೇ ಕಾರಣಕ್ಕಲ್ಲ: ಬರ, ನಗರ ನಗರಗಳ ನಡುವಿನ ಯುದ್ಧ, ಮಣ್ಣಿನ ಮೇಲೆ ಬಿದ್ದ ಹೊರೆ, ಎಲ್ಲ ಸೇರಿ. ಆಮೇಲೆ ಕಾಡು ಮುಚ್ಚಿಕೊಂಡಿತು. 1848ರಲ್ಲಿ ಸರ್ಕಾರದ ಒಂದು ತಂಡ ಅಲ್ಲಿಗೆ ಹೋಗಿ ವರದಿ ಬರೆದಾಗ ‘ಪತ್ತೆಯಾಯ್ತು’ ಅಂದ್ರು. ಆದ್ರೆ ಆ ಕಾಡಲ್ಲಿ ಓಡಾಡ್ತಿದ್ದ ಸ್ಥಳೀಯರಿಗೆ ಅದು ಮೊದಲಿಂದ ಗೊತ್ತಿತ್ತು. 1977ರ ಮೊದಲ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಟಿಕಾಲ್‌ನ ಪಿರಮಿಡ್‌ಗಳು ಯಾವುದೋ ಬೇರೆ ಗ್ರಹದ ಹಾಗೆ ಕಾಣಿಸಿಕೊಂಡವು. 2018ರಲ್ಲಿ ವಿಮಾನದಿಂದ ಲೇಸರ್ ಬಿಟ್ಟು, ಮರಗಳ ಕೆಳಗಿನ ನೆಲವನ್ನ ಅಳೆಯೋ ಲೈಡಾರ್ ತಂತ್ರಜ್ಞಾನದಿಂದ ಉತ್ತರ ಗ್ವಾಟೆಮಾಲಾದ 2,100 ಚದರ ಕಿಲೋಮೀಟರ್‌ನಲ್ಲಿ 60,000ಕ್ಕೂ ಹೆಚ್ಚು ಮನೆ, ರಸ್ತೆ, ಕಾಲುವೆ, ಕೋಟೆಗಳ ಗುರುತು ಸಿಕ್ಕವು. ಮನುಷ್ಯರೇ ಇಲ್ಲದ ಕಾಡು ಅಂದುಕೊಂಡಿದ್ದು ಒಂದು ಕಾಲದಲ್ಲಿ ಜನ ತುಂಬಿದ ನಾಡು.

ಇನ್ನೊಂದು ವಿಷಯ. ‘ಮಾಯಾ ಜನ ನಿಗೂಢವಾಗಿ ಕಣ್ಮರೆಯಾದ್ರು’ ಅನ್ನೋ ವಿಡಿಯೊಗಳನ್ನ ನೀವು ನೋಡಿರ್ತೀರಾ. ಕಣ್ಮರೆ ಆಗಿಲ್ಲ. ಇವತ್ತಿಗೂ ಲಕ್ಷಾಂತರ ಜನ ಮಾಯಾ ಭಾಷೆಗಳನ್ನ ಮನೆಯಲ್ಲಿ ಮಾತಾಡ್ತಾರೆ. ಜೋಳ ಬೆಳೀತಾರೆ, ಸಂತೆಗೆ ಹೋಗ್ತಾರೆ. ನಗರ ಬಿಟ್ಟವರು ಸತ್ತೇ ಹೋಗಬೇಕಿಲ್ಲ, ಪಕ್ಕದ ಹಳ್ಳಿಗೆ ಹೋಗಿರ್ತಾರೆ. ನನ್ನ ಅಜ್ಜಿ ಹೇಳಿದ್ದೂ ಅದನ್ನೇ ಅಲ್ವಾ? ‘ಕಳೆದುಹೋಗಿದೆ’ ಅಂತ ಹೇಳೋನು ಯಾವಾಗಲೂ ಹೊರಗಿಂದ ಬಂದವನು.

ಹಾಗಾದ್ರೆ ಬಂಡೀಪುರದ ಕಾಡು? ಅದು ಸೃಷ್ಟಿಯಾದಾಗಿಂದ ಹೀಗೇ ಇತ್ತಾ? ಇಲ್ಲ. ಮೈಸೂರು ಮಹಾರಾಜರ ಬೇಟೆಕಾಡಾಗಿದ್ದ ಈ ಪ್ರದೇಶ 1941ರಲ್ಲಿ ‘ವೇಣುಗೋಪಾಲ ವನ್ಯಜೀವಿ ಪಾರ್ಕ್’ ಆಯ್ತು. ಹೆಸರು ಗಮನಿಸಿ, ಬೆಟ್ಟದ ಮೇಲಿನ ಅದೇ ಗೋಪಾಲನ ಹೆಸರು. 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆ ಪ್ರದೇಶಗಳಲ್ಲಿ ಬಂಡೀಪುರವೂ ಒಂದಾಯ್ತು. ಕಾಡೊಳಗಿನ ಹಾಡಿಗಳಲ್ಲಿ ಬದುಕ್ತಿದ್ದ ಜೇನುಕುರುಬರು, ಸೋಲಿಗರು ಕಾಡಂಚಿಗೆ ಬಂದ್ರು. ಹುಲಿ ಉಳೀತು, ಆನೆ ಉಳೀತು, ಅದು ದೊಡ್ಡ ಕೆಲಸವೇ. ಅದನ್ನ ನಾನು ಕಡಿಮೆ ಮಾಡಿ ಹೇಳ್ತಿಲ್ಲ. ಆದ್ರೆ ಸಫಾರಿ ಜೀಪಲ್ಲಿ ಕೂತು ‘ವಾವ್, ಮನುಷ್ಯರೇ ಮುಟ್ಟದ ಕಾಡು’ ಅಂದಾಗ, ಆ ಕಾಡಿನ ನೆತ್ತಿಯ ಮೇಲೇ 700 ವರ್ಷದ ಕೋಟೆ ಇದೆ ಅನ್ನೋದು ನೆನಪಿರಲಿ. ಈಗಿನ ನಿಶ್ಶಬ್ದ ಆಮೇಲೆ ಬಂದಿದ್ದು.

ಈ ದಣ್ಣಾಯಕರ ಕಥೆಗೆ ಇನ್ನೊಂದು ತುದಿ ಇದೆ, ಅದು ನನಗೆ ತುಂಬಾ ಕಾಡಿದ್ದು. ಬಂಡೀಪುರದ ದಕ್ಷಿಣದ ಅಂಚಲ್ಲಿ ಮೋಯಾರ್ ನದಿ ಹರಿಯುತ್ತೆ. ಅದು ಆಳವಾದ ಕಮರಿಯಲ್ಲಿ ಪೂರ್ವಕ್ಕೆ ಹೋಗಿ, ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ ಭವಾನಿ ನದಿಯನ್ನ ಸೇರುತ್ತೆ. ಆ ಸಂಗಮದ ಹತ್ತಿರ ಇದೇ ಮನೆತನದ ಹೆಸರಿನ ಇನ್ನೊಂದು ಕೋಟೆ ಇತ್ತು: ದಣ್ಣಾಯಕನ ಕೋಟೆ. ಮೇಲೆ ಘಟ್ಟದಲ್ಲಿ ಬೆಟ್ಟದಕೋಟೆ, ಕೆಳಗೆ ಬಯಲಲ್ಲಿ ದಣ್ಣಾಯಕನ ಕೋಟೆ. ದಾರಿಯ ಎರಡೂ ಬಾಗಿಲಿಗೆ ಒಂದೇ ಮನೆಯವರ ಬೀಗ. ಮಾಧವ ದಣ್ಣಾಯಕನಿಗೆ ನೀಲಗಿರಿಯನ್ನ ಗೆದ್ದವನು ಅನ್ನೋ ಅರ್ಥದ ಬಿರುದೂ ಇತ್ತು. ನಾಲ್ಕುನೂರಕ್ಕೂ ಹೆಚ್ಚು ವರ್ಷ ಆದ್ಮೇಲೂ ಆ ಜಾಗದ ಬೆಲೆ ಕಡಿಮೆಯಾಗಿರಲಿಲ್ಲ. 1790ರಲ್ಲಿ ಟಿಪ್ಪು ಸುಲ್ತಾನ್ ಬ್ರಿಟಿಷರ ಮೇಲೆ ಬೀಳೋಕೆ ಇಳಿದಿದ್ದು ಅಲ್ಲೇ ಪಕ್ಕದ ಗಜ್ಜಲಹಟ್ಟಿ ಕಣಿವೆಯಲ್ಲಿ.

ಈಗ ಆ ಕೋಟೆ ಎಲ್ಲಿದೆ? ನೀರೊಳಗೆ. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟು ಕಟ್ಟಿದಾಗ ಕೋಟೆ, ಊರು, ಒಳಗಿದ್ದ ಮಾಧವರಾಯ ಪೆರುಮಾಳ್ ಗುಡಿ ಎಲ್ಲ ಮುಳುಗಿತು. ದೇವರ ವಿಗ್ರಹಗಳನ್ನ ಮೇಲೆ ತಂದು ಬೇರೆ ಗುಡಿ ಕಟ್ಟಿದ್ರು. ತೀರಾ ಬರ ಬಂದು ಜಲಾಶಯ ತಳ ಮುಟ್ಟಿದ ವರ್ಷ ಹಳೇ ಗುಡಿಯ ಕಲ್ಲುಗಳು ಹೊರಗೆ ಕಾಣ್ತವೆ. ಜನ ನೋಡೋಕೆ ಹೋಗ್ತಾರೆ. ಮಳೆ ಬಂದ್ರೆ ಮತ್ತೆ ಮುಳುಗುತ್ತೆ.

ಒಂದೇ ಮನೆತನದ ಮೂರು ಜಾಗ. ತೆರಕಣಾಂಬಿಯನ್ನ ಊರು ತಿಂದುಹಾಕಿತು. ಅಲ್ಲಿ ಲಕ್ಷ್ಮೀವರದರಾಜಸ್ವಾಮಿ ದೇವಸ್ಥಾನದಂಥ ದೊಡ್ಡ ಕಟ್ಟಡಗಳು ನಿಂತಿವೆ, ಆದ್ರೆ ಅದೊಂದು ರಾಜಧಾನಿ ಆಗಿತ್ತು ಅಂದ್ರೆ ಬಸ್ಸಲ್ಲಿ ಹೋಗೋರು ನಂಬಲ್ಲ. ದಣ್ಣಾಯಕನ ಕೋಟೆಯನ್ನ ನೀರು ತಗೊಂಡಿತು. ಪೂಜೆ ನಿಲ್ಲದೆ, ಹೆಸರು ಬದಲಾಗದೆ, ಜನ ನೆನಪಿಟ್ಟುಕೊಂಡಿರೋದು ಕಾಡೊಳಗೆ ಇರೋ ಬೆಟ್ಟದಕೋಟೆ. ರೀಲ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಕಾಡಲ್ಲಿದ್ದದ್ದು ಉಳೀತು. ನಮ್ಮ ನಡುವೆ ಇದ್ದದ್ದು ಕಳೀತು.

ಇದನ್ನ ಇಷ್ಟು ಗಟ್ಟಿಯಾಗಿ ಹೇಳೋಕೆ ನನಗೆ ಒಂದು ಕಾರಣ ಇದೆ. ಈ ಭಾಗ ರೆಕಾರ್ಡ್ ಮಾಡೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಹಂಗಳದಲ್ಲಿ ನಮ್ಮ ಮಾವನ ಹೊಲದ ಬದುವಿನಲ್ಲಿ ಒಂದು ಕಲ್ಲಿತ್ತು. ನನ್ನ ಸೊಂಟದಷ್ಟು ಎತ್ತರ. ಕೆಳಗಿನ ಪಟ್ಟಿಯಲ್ಲಿ ಒಬ್ಬ ಮನುಷ್ಯ ಹುಲಿಯ ಎದೆಗೆ ಬಾಕು ಚುಚ್ಚುತ್ತಿದ್ದಾನೆ. ನಡುವಿನ ಪಟ್ಟಿಯಲ್ಲಿ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗ, ಅದರ ಎದುರು ಅವನು ಕೂತಿದ್ದಾನೆ. ಈಗ ಗೊತ್ತು, ಅದು ವೀರಗಲ್ಲು. ಊರನ್ನೋ ದನವನ್ನೋ ಕಾಯೋಕೆ ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಮೂರು ಪಟ್ಟಿಯನ್ನ ಕೆಳಗಿಂದ ಮೇಲಕ್ಕೆ ಓದಬೇಕು: ಹೋರಾಟ, ಸಾವಿನ ನಂತರದ ಪ್ರಯಾಣ, ಕೈಲಾಸ. ಆಗ ನಮಗೆ ಅದು ಬರೀ ‘ಹುಲಿಕಲ್ಲು’. ನಾವು ಅದನ್ನ ವಿಕೆಟ್ ಮಾಡ್ಕೊಂಡು ಕ್ರಿಕೆಟ್ ಆಡ್ತಿದ್ವಿ. ಯುಗಾದಿಗೆ ಅಜ್ಜಿ ಅದಕ್ಕೆ ಎಣ್ಣೆ ಸವರಿ ಹೂವು ಇಡ್ತಿದ್ರು.

2019ರಲ್ಲಿ ಮಾವ ಆ ಹೊಲ ಮಾರಿದ್ರು. ಬೆಳೆಗೆ ಬೆಲೆ ಇರಲಿಲ್ಲ, ರಾತ್ರಿ ಆನೆ ಕಾಟ, ಸಾಲ ಇತ್ತು. ಮಾರಿದ್ದು ತಪ್ಪು ಅಂತ ಹೇಳೋ ಹಕ್ಕು ನನಗಿಲ್ಲ. ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದ ನನ್ನನ್ನ ಕರೆಸಿ, ‘ಏನೇನಿದೆ ಪಟ್ಟಿ ಮಾಡಪ್ಪ, ರೇಟ್ ಮಾತಾಡ್ಬೇಕು’ ಅಂದ್ರು. ಮಾಡಿದೆ. ಬೋರ್‌ವೆಲ್ ಒಂದು, ಪಂಪ್‌ಸೆಟ್ ಒಂದು, ತೆಂಗಿನ ಮರ ಹದಿನಾಲ್ಕು, ಶೆಡ್ ಒಂದು, ಕಲ್ಲುಕಂಬದ ಬೇಲಿ. ಎಲ್ಲದಕ್ಕೂ ಒಂದೊಂದು ಅಂಕಿ. ಹುಲಿಕಲ್ಲನ್ನ ಬರೀಲಿಲ್ಲ. ಮರೆತಿದ್ದಲ್ಲ. ಅದಕ್ಕೆ ಯಾವ ಕಾಲಂನಲ್ಲೂ ಜಾಗ ಇರಲಿಲ್ಲ.

ಮೂರು ತಿಂಗಳಾದ್ಮೇಲೆ ಹೋದಾಗ ಜೆಸಿಬಿ ಹೊಲವನ್ನ ಸಮ ಮಾಡಿತ್ತು. ಬದುವೇ ಇರಲಿಲ್ಲ. ಕೆಲಸದವರನ್ನ ಕೇಳಿದೆ, ಕಲ್ಲುಗಳನ್ನೆಲ್ಲ ತಳಪಾಯಕ್ಕೆ ಹಾಕಿದ್ವಿ ಅಂದ್ರು. ಅಜ್ಜಿಗೆ ಹೇಳಿದಾಗ ಅವರು ಬೈಲಿಲ್ಲ. ‘ಹೋದ ವರ್ಷ ಹೂವು ಇಟ್ಟಿದ್ದೆ’ ಅಂದ್ರು, ಅಷ್ಟೇ.

ನನ್ನ ಹತ್ತಿರ ಅದರ ಒಂದೇ ಫೋಟೊ ಇದೆ. ನನಗೆ ಹನ್ನೊಂದು ವರ್ಷ, ಬ್ಯಾಟ್ ಹಿಡಿದು ನಿಂತಿದ್ದೀನಿ, ಕಲ್ಲಿನ ಅರ್ಧಭಾಗ ನನ್ನ ಕಾಲಿನ ಹಿಂದೆ. ಅದರಲ್ಲಿ ಅಕ್ಷರ ಇತ್ತಾ? ಇದ್ದಿದ್ರೆ ಸತ್ತವನ ಹೆಸರು ಇರ್ತಿತ್ತು. ಫೋಟೊವನ್ನ ಎಷ್ಟು ಝೂಮ್ ಮಾಡಿದ್ರೂ ನನ್ನ ಚಪ್ಪಲಿ ಮಾತ್ರ ಕಾಣುತ್ತೆ.

ಬಿ. ಎಲ್. ರೈಸ್ ಅನ್ನೋರು ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ದಾಖಲು ಮಾಡಿದ್ರು. ಗುಂಡ್ಲುಪೇಟೆ ತಾಲ್ಲೂಕಿನದು 1898ರಲ್ಲಿ ಅಚ್ಚಾಯ್ತು. ಮಾಧವ ದಣ್ಣಾಯಕನ ಹೆಸರು ನಮಗೆ ಗೊತ್ತಿರೋದು ಇಂಥ ಕೆಲಸದಿಂದ. ಅವರ ಜೊತೆ ಓಡಾಡಿ ಕಲ್ಲಿನ ಅಚ್ಚು ತೆಗೆದ ನಮ್ಮವರಿಂದ. ಆದ್ರೆ ಎಲ್ಲ ಕಲ್ಲೂ ಪುಸ್ತಕಕ್ಕೆ ಬಂದಿಲ್ಲ. ರಾಜ್ಯದಲ್ಲಿ ಸ್ಮಾರಕ ರಕ್ಷಣೆಗೆ 1961ರ ಕಾಯ್ದೆ ಇದೆ, ಆದ್ರೆ ಅದು ಮುಖ್ಯವಾಗಿ ರಕ್ಷಿಸೋದು ಪಟ್ಟಿಗೆ ಸೇರಿದ್ದನ್ನ. ಬದುವಿನ ಮೇಲಿನ ಸಾವಿರಾರು ವೀರಗಲ್ಲು, ಮಾಸ್ತಿಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ನಾನು ಮಾಡಿದ ಪಟ್ಟಿಯಲ್ಲೂ ಇರಲಿಲ್ಲ.

ಹಾಗಾಗಿ ಈ ಎಪಿಸೋಡ್ ಕೇಳಿದ ಮೇಲೆ ಕಾಡಿಗೆ ನುಗ್ಗಿ ಕೋಟೆ ಹುಡುಕಬೇಡಿ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಓಡಾಡೋದು ಕಾನೂನುಬಾಹಿರ, ಅಪಾಯ ಕೂಡ. ಬೆಟ್ಟದಕೋಟೆಯನ್ನ ಆನೆಗಳು ನಮಗಿಂತ ಚೆನ್ನಾಗಿ ಕಾಯ್ತಿವೆ. ನೀವು ಹುಡುಕಬೇಕಾದ್ದು ನಿಮ್ಮ ಊರ ಕೆರೆ ಏರಿ, ಅರಳಿಕಟ್ಟೆ, ಹಾಳುಬಿದ್ದ ಗುಡಿ, ತಾತನ ಹೊಲದ ಬದು. ಕೆತ್ತನೆ ಇರೋ ಕಲ್ಲು ಕಂಡ್ರೆ ಬೆಳಿಗ್ಗೆ ಅಥವಾ ಸಂಜೆ, ಓರೆ ಬಿಸಿಲಲ್ಲಿ ಫೋಟೊ ತೆಗೀರಿ. ಆಗ ಅಕ್ಷರ ಚೆನ್ನಾಗಿ ಕಾಣುತ್ತೆ. ಪಕ್ಕದಲ್ಲಿ ಒಂದು ಸ್ಕೇಲೋ ಪೆನ್ನೋ ಇಡಿ, ಅಳತೆ ಗೊತ್ತಾಗಲಿ. ಸುಣ್ಣ ಬಳೀಬೇಡಿ, ಕೆರೀಬೇಡಿ, ಕಿತ್ತು ಮನೆಗೆ ತರಬೇಡಿ. ಲೊಕೇಶನ್ ಸೇವ್ ಮಾಡಿ. ರಾಜ್ಯ ಪುರಾತತ್ವ ಇಲಾಖೆಗೆ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಕಳಿಸಿ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವರು ಶಾಸನದ ಕಲ್ಲುಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ. ನಮ್ಮ ಹಳ್ಳಿಗೆ ಅಂಥ ಸ್ಕ್ಯಾನರ್ ಬರೋವರೆಗೆ ನಿಮ್ಮ ಕೈಯಲ್ಲಿರೋ ಫೋನೇ ಸಾಕು.

ಅದಕ್ಕಿಂತ ಮೊದಲು ಇನ್ನೊಂದು ಕೆಲಸ. ಮನೆಯಲ್ಲಿ ವಯಸ್ಸಾದವರಿದ್ರೆ, ಆ ಕಲ್ಲಿಗೆ ಏನಂತ ಕರೀತಿದ್ರಿ, ಯಾವತ್ತು ಹೂವು ಇಡ್ತಿದ್ರಿ ಅಂತ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ. ನಾನು ಮೊನ್ನೆ ಅಜ್ಜಿಯನ್ನ ಕೂರಿಸಿ ಹುಲಿಕಲ್ಲಿನ ಬಗ್ಗೆ ನಲವತ್ತು ನಿಮಿಷ ಮಾತಾಡಿಸಿದೆ. ಹುಲಿಯ ಬಾಲ ಯಾವ ಕಡೆ ತಿರುಗಿತ್ತು ಅನ್ನೋದೂ ಅವರಿಗೆ ನೆನಪಿದೆ. ಎಡಕ್ಕೆ. ಅದನ್ನ ಬರೆದಿಟ್ಟುಕೊಂಡಿದ್ದೀನಿ.

ನಿಮಗೆ ಸಿಕ್ಕ ಕಲ್ಲಿನ ಫೋಟೊ ನನಗೂ ಕಳಿಸಿ. ಮುಂದಿನ ಎಪಿಸೋಡ್ ತೆರಕಣಾಂಬಿಯಿಂದ, ಈ ಸಲ ಬಸ್ ಇಳಿದೇ ನೋಡ್ತೀನಿ.